ಅಮೆರಿಕದಲ್ಲಿ ವಿಚ್ಛೇದನ ಮತ್ತು ಮಗುವಿನ ಕಾಲೇಜು ಖರ್ಚು: ಸಹಿ ಹಾಕುವ ಮೊದಲು ಏನು, ಆಮೇಲೆ ಏನು

ಒಂದೇ ತಪ್ಪನ್ನು ಮನೆ ಮನೆಯಲ್ಲೂ ನೋಡುತ್ತಿದ್ದೇನೆ. ವಿಚ್ಛೇದನದ ಮಾತುಕತೆಯಲ್ಲಿ ಮನೆ, ಕಾರು, ರಿಟೈರ್‌ಮೆಂಟ್ ಖಾತೆ, ವಾರಾಂತ್ಯಕ್ಕೆ ಮಗು ಯಾರ ಹತ್ತಿರ ಅನ್ನೋದೆಲ್ಲ ಇತ್ಯರ್ಥವಾಗುತ್ತದೆ. ಕಾಲೇಜಿನ ಮಾತು ಮಾತ್ರ ‘ಆಮೇಲೆ ನೋಡೋಣ’ ಅಂತ ಪಕ್ಕಕ್ಕೆ ಸರಿಯುತ್ತದೆ. ಆ ಹೊತ್ತು ಬಂದಾಗ ಇಬ್ಬರ ನಡುವೆ ಮಾತೂ ಉಳಿದಿರುವುದಿಲ್ಲ. ಕೆಲವು ರಾಜ್ಯಗಳಲ್ಲಿ ಕೋರ್ಟಿಗೆ ಅಧಿಕಾರವೂ ಇರುವುದಿಲ್ಲ.

ನನಗೂ ಹಾಗೇ ಆಯಿತು. ನಮ್ಮ ಒಪ್ಪಂದ ಮೂವತ್ತೆಂಟು ಪುಟ ಇತ್ತು. ಕಾಲೇಜಿಗೆ ಅದರಲ್ಲಿ ಸಿಕ್ಕಿದ್ದು ಒಂದೇ ಸಾಲು: ‘ಇಬ್ಬರೂ ಯಥಾಶಕ್ತಿ ಖರ್ಚು ಭರಿಸುವುದು.’ ಆಗ ಮಗಳಿಗೆ ಹನ್ನೊಂದು. ಏಳು ವರ್ಷದ ಮೇಲೆ, ಆಗಸ್ಟ್ ತಿಂಗಳಲ್ಲಿ, ಮೊದಲ ಬಿಲ್ಲು ಮೇಜಿನ ಮೇಲಿತ್ತು. ಕಟ್ಟಲು ಒಂಬತ್ತು ದಿನ ಬಾಕಿ. ‘ಯಥಾಶಕ್ತಿ’ ಅನ್ನೋ ಪದಕ್ಕೆ ನಾವಿಬ್ಬರೂ ಬೇರೆ ಬೇರೆ ಅರ್ಥ ಹೇಳುತ್ತಿದ್ದೆವು. ಮಗಳು ಬಾಗಿಲ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿದ್ದಳು.

ಹಾಗಾಗಿ ಈ ಕೆಲಸದಲ್ಲಿ ಕ್ರಮವೇ ಮುಖ್ಯ. ಕೆಳಗಿನ ಮೊದಲ ನಾಲ್ಕು ಹಂತ ಸಹಿ ಹಾಕುವ ಮೊದಲೇ ಮುಗಿಯಬೇಕು. ಉಳಿದವು ಮಗು ಹೈಸ್ಕೂಲಿನ ಕೊನೆಗೆ ಬಂದಾಗ. ವಕೀಲರನ್ನು ನೋಡುವ ಮೊದಲು ಇದನ್ನೊಮ್ಮೆ ಓದಿಕೊಂಡು ಹೋಗಿ. ಏನು ಕೇಳಬೇಕು ಅನ್ನೋದು ಗೊತ್ತಿದ್ದರೆ ಗಂಟೆ ಲೆಕ್ಕದ ಫೀಸು ಉಳಿಯುತ್ತದೆ.

ಕೈಯಲ್ಲಿ ಇರಬೇಕಾದ ಕಾಗದಗಳು

ಕಳೆದ ಮೂರು ವರ್ಷದ ಟ್ಯಾಕ್ಸ್ ರಿಟರ್ನ್ ಮತ್ತು ಇಬ್ಬರ ಡಬ್ಲ್ಯು-2 (ಕೆಲಸ ಕೊಟ್ಟವರು ವರ್ಷದ ಸಂಬಳ ತೋರಿಸಿ ಕೊಡುವ ಫಾರ್ಮ್). ಮಗುವಿನ ಹೆಸರಿನಲ್ಲಿರುವ ಪ್ರತಿ ಖಾತೆಯ ಸ್ಟೇಟ್‌ಮೆಂಟ್. 529 ಖಾತೆ (ಓದಿನ ಖರ್ಚಿಗೆ ದುಡ್ಡು ಕೂಡಿಡುವ, ತೆರಿಗೆ ರಿಯಾಯಿತಿ ಇರುವ ಖಾತೆ) ಇದ್ದರೆ ಅದರ ಮಾಲೀಕರು ಯಾರು, ಅವರ ನಂತರ ಯಾರು ಅಂತ ತೋರಿಸುವ ಪುಟ. ಅಜ್ಜ ಅಜ್ಜಿ ತೆರೆದ ಖಾತೆಗಳ ವಿವರ. ಭಾರತದಲ್ಲಿ ಸೈಟು, ಫ್ಲ್ಯಾಟು, ಎಫ್‌ಡಿ ಇದ್ದರೆ ಅದರ ಪತ್ರಗಳೂ ಬೇಕು. ಕಾಲೇಜು ನೆರವಿನ ಅರ್ಜಿಗಳು ಆಸ್ತಿ ಕೇಳುವಾಗ ಹೊರದೇಶದ್ದನ್ನು ಬಿಡುವುದಿಲ್ಲ. ಬಹಳ ಜನ ಇದನ್ನು ಮರೆಯುತ್ತಾರೆ.

ಹಂತ 1: ನಿಮ್ಮ ರಾಜ್ಯದ ಕೋರ್ಟಿಗೆ ಅಧಿಕಾರ ಇದೆಯಾ ನೋಡಿ

ಮಗುವಿಗೆ ಹದಿನೆಂಟು ತುಂಬಿದ ಮೇಲೆ ತಂದೆ ತಾಯಿ ಕಾಲೇಜು ಫೀಸು ಕಟ್ಟಲೇಬೇಕು ಅನ್ನುವ ಕಾನೂನು ಅಮೆರಿಕದ ಎಲ್ಲ ಕಡೆ ಇಲ್ಲ. ಕ್ಯಾಲಿಫೋರ್ನಿಯಾ, ಟೆಕ್ಸಸ್, ಫ್ಲಾರಿಡಾ, ಜಾರ್ಜಿಯಾದಲ್ಲಿ ನೀವೇ ಒಪ್ಪಂದದಲ್ಲಿ ಬರೆದುಕೊಳ್ಳದಿದ್ದರೆ ಕೋರ್ಟು ಕಟ್ಟಿ ಅಂತ ಹೇಳುವುದಿಲ್ಲ. ಪೆನ್ಸಿಲ್ವೇನಿಯಾದಲ್ಲಿ ಇಂಥ ಕಾನೂನು ಇತ್ತು. 1995ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಅದನ್ನು ರದ್ದು ಮಾಡಿತು.

ಬೇರೆ ಕಡೆ ಕೋರ್ಟು ಆದೇಶ ಕೊಡಬಹುದು, ಆದರೆ ಮಿತಿ ಇರುತ್ತದೆ. ಇಲಿನಾಯ್‌ನಲ್ಲಿ ಸಾಮಾನ್ಯವಾಗಿ ಮಗುವಿಗೆ 23 ಆಗುವವರೆಗೆ, ಅದೂ ಇಲಿನಾಯ್ ವಿಶ್ವವಿದ್ಯಾಲಯದ ಅರ್ಬಾನಾ-ಶಾಂಪೇನ್ ಕ್ಯಾಂಪಸ್ಸಿನ ಖರ್ಚಿನ ಮಟ್ಟಕ್ಕೆ. ಅಯೋವಾದಲ್ಲಿ ಒಬ್ಬ ಪೋಷಕರ ಪಾಲು ಖರ್ಚಿನ ಮೂರನೇ ಒಂದು ಭಾಗ ಮೀರುವಂತಿಲ್ಲ. ಇಂಡಿಯಾನಾದಲ್ಲಿ ಮಗುವಿಗೆ 19 ತುಂಬುವ ಮೊದಲು ಅರ್ಜಿ ಹಾಕಬೇಕು. ಕನೆಕ್ಟಿಕಟ್‌ನಲ್ಲಿ ವಿಚ್ಛೇದನದ ಹೊತ್ತಿನಲ್ಲೇ ಈ ವಿಷಯವನ್ನು ಕೋರ್ಟಿನ ಮುಂದೆ ಕಾಯ್ದಿರಿಸದಿದ್ದರೆ, ಅಂದರೆ ಮುಂದೆ ತೀರ್ಮಾನಿಸಬಹುದು ಅಂತ ದಾಖಲಿಸದಿದ್ದರೆ, ಆಮೇಲೆ ಬಾಗಿಲು ಮುಚ್ಚಿದ ಹಾಗೆ.

ವಕೀಲರಿಗೆ ಮೂರೇ ಪ್ರಶ್ನೆ ಕೇಳಿ. ಈ ರಾಜ್ಯದಲ್ಲಿ ಕೋರ್ಟು ಆದೇಶ ಕೊಡಬಹುದಾ? ಎಷ್ಟು ವಯಸ್ಸಿನವರೆಗೆ, ಎಷ್ಟು ಮೊತ್ತದವರೆಗೆ? ಇವತ್ತು ಬರೆಯದೆ ಬಿಟ್ಟರೆ ನಾಳೆ ಕೇಳುವ ಹಕ್ಕು ಉಳಿಯುತ್ತಾ? ಉತ್ತರ ಇಮೇಲ್‌ನಲ್ಲಿ ತೆಗೆದುಕೊಳ್ಳಿ.

ಹಂತ 2: ಖರ್ಚಿಗೆ ಒಂದು ಅಂಕಿ ಹಾಕಿ

‘ಒಳ್ಳೆ ಕಾಲೇಜು’ ಅಂದರೆ ಅಂಕಿ ಅಲ್ಲ. ನಿಮ್ಮ ರಾಜ್ಯದ ಒಂದು ಸರ್ಕಾರಿ ವಿಶ್ವವಿದ್ಯಾಲಯ, ಪಕ್ಕದ ರಾಜ್ಯದ್ದು ಒಂದು, ಒಂದು ಖಾಸಗಿ ಕಾಲೇಜು, ಹೀಗೆ ಮೂರು ಆರಿಸಿ. ಫೆಡರಲ್ (ಕೇಂದ್ರ ಸರ್ಕಾರದ) ನೆರವು ಪಡೆಯುವ ಕಾಲೇಜುಗಳ ವೆಬ್‌ಸೈಟಿನಲ್ಲಿ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ (ನೆರವು ಕಳೆದ ಮೇಲೆ ನಿಮಗೆ ಬೀಳುವ ಖರ್ಚನ್ನು ಅಂದಾಜು ಮಾಡುವ ಪುಟ) ಇರಲೇಬೇಕು, 2011ರಿಂದ ಅದು ನಿಯಮ. ಅದರಲ್ಲಿ ಎರಡು ಸಲ ಲೆಕ್ಕ ಹಾಕಿ. ಒಮ್ಮೆ ತಾಯಿಯ ಆದಾಯ ಮಾತ್ರ, ಒಮ್ಮೆ ತಂದೆಯದು ಮಾತ್ರ. ಎರಡು ಉತ್ತರಗಳ ನಡುವಿನ ಅಂತರ ನೋಡಿದ ಮೇಲೆ ಮುಂದಿನ ಮಾತುಕತೆಯ ದಾರಿಯೇ ಬದಲಾಗುತ್ತದೆ.

ಟ್ಯೂಷನ್ ಒಂದನ್ನೇ ನೋಡಬೇಡಿ. ಹಾಸ್ಟೆಲ್, ಊಟ, ಪುಸ್ತಕ, ಲ್ಯಾಪ್‌ಟಾಪ್, ಓಡಾಟ, ಆರೋಗ್ಯ ವಿಮೆ ಎಲ್ಲ ಸೇರಿಸಿ. ಇನ್ನೊಂದು ವಿಷಯ: ರಾಜ್ಯದೊಳಗಿನ ಕಡಿಮೆ ಫೀಸು ಸಿಗುವುದು ವಾಸದ ಆಧಾರದ ಮೇಲೆ. ವಿಚ್ಛೇದನದ ನಂತರ ಒಬ್ಬರು ಬೇರೆ ರಾಜ್ಯಕ್ಕೆ ಹೋಗುವವರಿದ್ದರೆ ಮಗುವಿಗೆ ಯಾವ ರಾಜ್ಯದ ದರ ಅನ್ವಯಿಸುತ್ತದೆ ಅಂತ ಆ ಕಾಲೇಜಿನ ನಿಯಮ ಓದಿ.

ವೀಸಾದಲ್ಲಿರುವ ಕುಟುಂಬಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ಎಚ್-4ನಲ್ಲಿರುವ (ಎಚ್-1ಬಿ ಕೆಲಸದ ವೀಸಾದವರ ಅವಲಂಬಿತರಿಗೆ ಕೊಡುವ ವೀಸಾ) ಮಗುವಿಗೆ ಫೆಡರಲ್ ನೆರವು ಸಿಗುವುದಿಲ್ಲ, 21ಕ್ಕೆ ಆ ವೀಸಾ ಮುಗಿಯುತ್ತದೆ. ವಿಚ್ಛೇದನ ಅಂತಿಮವಾದ ಕೂಡಲೇ ಎಚ್-4ನಲ್ಲಿದ್ದ ಗಂಡ ಅಥವಾ ಹೆಂಡತಿಯ ಸ್ಥಾನಮಾನವೂ ಹೋಗುತ್ತದೆ. ಇಮಿಗ್ರೇಷನ್ ವಕೀಲರ ಜೊತೆ ಮಾತಾಡದೆ ಡಿಕ್ರಿಯ (ಕೋರ್ಟಿನ ಅಂತಿಮ ವಿಚ್ಛೇದನ ಆದೇಶದ) ತಾರೀಖು ಒಪ್ಪಿಕೊಳ್ಳಬೇಡಿ.

ಹಂತ 3: 529 ಖಾತೆಯ ಕೀಲಿ ಯಾರ ಕೈಯಲ್ಲಿ?

‘ಅದು ಮಗುವಿನ ದುಡ್ಡು ಅಲ್ವಾ?’ ಅಂತ ಎಲ್ಲರೂ ಕೇಳುತ್ತಾರೆ. ಅಲ್ಲ. ಸಾಮಾನ್ಯ 529 ಖಾತೆಯಲ್ಲಿ ಮಗು ಫಲಾನುಭವಿ ಅಷ್ಟೇ. ಮಾಲೀಕರು ಒಬ್ಬರು, ಅವರೇ ಎಲ್ಲ ತೀರ್ಮಾನ ಮಾಡುತ್ತಾರೆ. ಫಲಾನುಭವಿಯನ್ನು ಬದಲಾಯಿಸಬಹುದು, ಎರಡನೇ ಮದುವೆಯ ಮಗುವಿನ ಹೆಸರಿಗೂ ಹಾಕಬಹುದು. ದುಡ್ಡು ತೆಗೆದು ಬೇರೆ ಕೆಲಸಕ್ಕೂ ಬಳಸಬಹುದು. ಆಗ ಗಳಿಕೆಯ ಮೇಲೆ ಆದಾಯ ತೆರಿಗೆ ಮತ್ತು 10 ಶೇಕಡ ದಂಡ ಬೀಳುತ್ತದೆ, ಆದರೆ ತಡೆಯುವವರು ಯಾರೂ ಇರುವುದಿಲ್ಲ.

ಇದನ್ನು ಕಟ್ಟಿಹಾಕಲು ಎರಡು ದಾರಿ. ಇಬ್ಬರ ನಡುವೆ ನಂಬಿಕೆ ಪೂರ್ತಿ ಹೋಗಿದ್ದರೆ ಖಾತೆಯನ್ನು ಎರಡು ಮಾಡಿ, ತಲಾ ಒಂದು ಇಟ್ಟುಕೊಳ್ಳಿ. ಪ್ಲ್ಯಾನ್ ನಡೆಸುವ ಸಂಸ್ಥೆಗೆ ಮೊದಲೇ ಫೋನ್ ಮಾಡಿ ಅದಕ್ಕೆ ಏನೇನು ಕಾಗದ ಬೇಕು ಅಂತ ಕೇಳಿ. ನಂಬಿಕೆ ಸ್ವಲ್ಪವಾದರೂ ಇದ್ದರೆ ಖಾತೆ ಒಂದೇ ಇರಲಿ. ಆದರೆ ಒಪ್ಪಂದದಲ್ಲಿ ನಾಲ್ಕು ಮಾತು ಬರೆಸಿ: ಈ ಮಗುವಿನ ಓದಿಗೆ ಬಿಟ್ಟು ಬೇರೆ ಯಾವುದಕ್ಕೂ ತೆಗೆಯುವಂತಿಲ್ಲ, ಫಲಾನುಭವಿ ಬದಲಾಯಿಸಲು ಇಬ್ಬರ ಲಿಖಿತ ಒಪ್ಪಿಗೆ ಬೇಕು, ಇನ್ನೊಬ್ಬರಿಗೂ ಸ್ಟೇಟ್‌ಮೆಂಟ್ ಹೋಗಬೇಕು, ಮಾಲೀಕರು ತೀರಿಕೊಂಡರೆ ಖಾತೆ ಇನ್ನೊಬ್ಬ ಪೋಷಕರಿಗೆ ಬರಬೇಕು. ಕೊನೆಯದನ್ನು ಖಾತೆಯ ದಾಖಲೆಯಲ್ಲೂ ಬದಲಾಯಿಸಬೇಕು. ಡಿಕ್ರಿಯಲ್ಲಿ ಬರೆದ ಮಾತ್ರಕ್ಕೆ ಖಾತೆಯಲ್ಲಿರುವ ಹಳೇ ಹೆಸರು ತಾನಾಗಿ ಅಳಿಯುವುದಿಲ್ಲ.

ಅಪಾಯದ ಗುರುತು ಒಂದಿದೆ: ಮಾತುಕತೆ ನಡೆಯುವಾಗ ಇದ್ದಕ್ಕಿದ್ದಂತೆ 529ರ ಆನ್‌ಲೈನ್ ಪಾಸ್‌ವರ್ಡ್ ಬದಲಾಗುವುದು, ಅಥವಾ ‘ಆ ಖಾತೆಯ ತಲೆಬಿಸಿ ನಿನಗೆ ಬೇಡ’ ಅನ್ನುವ ಮಾತು. ಅವತ್ತೇ ವಕೀಲರಿಗೆ ತಿಳಿಸಿ.

ಹಂತ 4: ಒಪ್ಪಂದದಲ್ಲಿ ಕಾಲೇಜಿಗೆ ಒಂದು ಪುಟ ಕೊಡಿ

ಇಡೀ ಮಾರ್ಗದರ್ಶಿಯಲ್ಲಿ ಒಂದನ್ನೇ ಓದುವುದಾದರೆ ಇದನ್ನು ಓದಿ.

ಮೊದಲು, ‘ಈ ವಿಷಯವನ್ನು ಮುಂದಕ್ಕೆ ಕಾಯ್ದಿರಿಸಲಾಗಿದೆ’ ಅನ್ನುವ ಸಾಲು ಎಷ್ಟು ದುಬಾರಿ ಅಂತ ನೋಡಿ. ಇಲಿನಾಯ್ ಸುಪ್ರೀಂ ಕೋರ್ಟಿಗೆ ಇಂಥದ್ದೇ ಒಂದು ಪ್ರಕರಣ ಹೋಗಿತ್ತು. ಡಿಕ್ರಿಯಲ್ಲಿ ಕಾಲೇಜು ಖರ್ಚನ್ನು ಕಾಯ್ದಿರಿಸಿದ್ದರು, ಯಾರ ಪಾಲು ಎಷ್ಟು ಅಂತ ಬರೆದಿರಲಿಲ್ಲ. ತಾಯಿ ಅರ್ಜಿ ಹಾಕುವ ಹೊತ್ತಿಗೆ ಮಕ್ಕಳ ಓದು ಬಹಳ ಮುಂದೆ ಹೋಗಿತ್ತು. ಅರ್ಜಿ ಹಾಕುವುದಕ್ಕಿಂತ ಮೊದಲು ಆದ ಖರ್ಚನ್ನು ತಂದೆಯಿಂದ ವಸೂಲಿ ಮಾಡುವಂತಿಲ್ಲ ಅಂತ 2011ರಲ್ಲಿ ತೀರ್ಪು ಬಂತು. ಕಾಯ್ದಿರಿಸುವುದು ಬೇರೆ, ಹಂಚಿಕೊಳ್ಳುವುದು ಬೇರೆ. ಕನೆಕ್ಟಿಕಟ್‌ನಂಥ ರಾಜ್ಯದಲ್ಲಿ ಕಾಯ್ದಿರಿಸದಿದ್ದರೆ ಏನೂ ಉಳಿಯುವುದಿಲ್ಲ ನಿಜ. ಆದರೆ ಬರೀ ಕಾಯ್ದಿರಿಸಿ ಸುಮ್ನೆ ಕೂತರೆ ಅದೂ ಸಾಲುವುದಿಲ್ಲ.

ಪುಟದಲ್ಲಿ ಏನೇನಿರಬೇಕು?

ಪಾಲು. ಶೇಕಡಾವಾರು ಬರೆಯಿರಿ. 50-50 ಅಂತ ಈಗಲೇ ಬರೆಯುವುದಕ್ಕಿಂತ ‘ಆ ವರ್ಷದ ಇಬ್ಬರ ಆದಾಯದ ಅನುಪಾತದಲ್ಲಿ’ ಅಂತ ಬರೆಯುವುದು ನನಗೆ ಸರಿ ಅನಿಸುತ್ತದೆ. ಮಗು ಚಿಕ್ಕದಿದ್ದರೆ ಹತ್ತು ವರ್ಷದಲ್ಲಿ ಯಾರ ಕೆಲಸ ಎಲ್ಲಿರುತ್ತದೋ ಗೊತ್ತಿರುವುದಿಲ್ಲ. ಅನುಪಾತ ಬರೆದರೆ ಪ್ರತಿ ವರ್ಷ ಮೇ ತಿಂಗಳೊಳಗೆ ಟ್ಯಾಕ್ಸ್ ರಿಟರ್ನ್ ಒಬ್ಬರಿಗೊಬ್ಬರು ಕೊಡಬೇಕು ಅಂತಲೂ ಸೇರಿಸಿ.

ಮೇಲಿನ ಮಿತಿ. ನಿಮ್ಮ ರಾಜ್ಯದ ಮುಖ್ಯ ಸರ್ಕಾರಿ ವಿಶ್ವವಿದ್ಯಾಲಯದ ಹೆಸರು ಬರೆದು, ಆ ವರ್ಷದ ಅಲ್ಲಿನ ಪೂರ್ತಿ ಖರ್ಚೇ ಮಿತಿ ಅನ್ನಿ. ನ್ಯೂಯಾರ್ಕ್ ವಕೀಲರು ಇದನ್ನೇ ಸೂನಿ ಕ್ಯಾಪ್ ಅನ್ನುತ್ತಾರೆ (ಸೂನಿ ಅಂದರೆ ಆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯ). ಡಾಲರ್ ಮೊತ್ತ ಬರೆಯಬೇಡಿ, ಹತ್ತು ವರ್ಷದಲ್ಲಿ ಅದು ಅರ್ಥ ಕಳೆದುಕೊಳ್ಳುತ್ತದೆ.

ಯಾವುದು ಮೊದಲು. ಸ್ಕಾಲರ್‌ಶಿಪ್ ಮತ್ತು ಗ್ರ್ಯಾಂಟ್ ಕಳೆಯಬೇಕು, ಆಮೇಲೆ 529, ಆಮೇಲೆ ಮಗುವಿನ ಸಾಲ, ಉಳಿದದ್ದು ತಂದೆ ತಾಯಿ ಪಾಲು. ಈ ಕ್ರಮ ಬರೆಯದಿದ್ದರೆ ಜಗಳ ಖಂಡಿತ. 529ರಲ್ಲಿ ಇಬ್ಬರೂ ಸೇರಿಸಿದ ದುಡ್ಡು ಇದ್ದಾಗ ಒಬ್ಬರು ‘ಅದು ನನ್ನ ಪಾಲಿಗೆ ಲೆಕ್ಕ’ ಅನ್ನುವುದನ್ನು ಕಣ್ಣಾರೆ ನೋಡಿದ್ದೇನೆ.

ಕಾಲೇಜಿಗೆ ಮೊದಲಿನ ಖರ್ಚು. ಇಲಿನಾಯ್ ಕಾನೂನಿನಲ್ಲಿ ಐದು ಕಾಲೇಜುಗಳವರೆಗೆ ಅರ್ಜಿ ಶುಲ್ಕ, ಎರಡು ಪ್ರವೇಶ ಪರೀಕ್ಷೆ, ಒಂದು ತಯಾರಿ ಕೋರ್ಸ್ ಅಂತ ಎಣಿಸಿ ಹೇಳಿದ್ದಾರೆ. ಯಾವ ರಾಜ್ಯದಲ್ಲಿದ್ದರೂ ಈ ಅಳತೆ ಎರವಲು ತೆಗೆದುಕೊಳ್ಳಬಹುದು.

ಯಾವಾಗ ನಿಲ್ಲುತ್ತದೆ. ಎಷ್ಟು ಸೆಮಿಸ್ಟರ್, ಎಷ್ಟು ವಯಸ್ಸು, ಕನಿಷ್ಠ ಗ್ರೇಡ್ ಎಷ್ಟು. ಒಂದು ವರ್ಷ ಬಿಟ್ಟು ಸೇರಿದರೆ, ಮಧ್ಯೆ ಕಾಯಿಲೆ ಬಿದ್ದರೆ ಏನು ಅನ್ನೋದನ್ನೂ ಬರೆಯಿರಿ.

ಮಾಹಿತಿ. ಕಾಲೇಜು ಸೇರಿದ ಮೇಲೆ ಫೆರ್ಪಾ (ವಿದ್ಯಾರ್ಥಿ ದಾಖಲೆಗಳ ಗೌಪ್ಯತೆಯ) ಕಾನೂನಿನ ಪ್ರಕಾರ ಅಂಕಪಟ್ಟಿಯ ಹಕ್ಕು ಮಗುವಿನದು. ಫೀಸು ಕಟ್ಟುವವರಿಗೆ ಗ್ರೇಡ್ ತೋರಿಸಲು ಕಾಲೇಜು ಒಪ್ಪದಿರಬಹುದು. ಮಗು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರೆ ಇಬ್ಬರ ಪಾಲೂ ಜಾರಿಯಲ್ಲಿರುತ್ತದೆ ಅಂತ ಸೇರಿಸಿ.

ಜೀವ ವಿಮೆ. ಕಟ್ಟಬೇಕಾದವರು ತೀರಿಕೊಂಡರೆ ಮಾತು ಅಲ್ಲಿಗೇ ನಿಲ್ಲಬಾರದು. ಕಾಲೇಜು ಮುಗಿಯುವವರೆಗೆ ಟರ್ಮ್ ಪಾಲಿಸಿ ಇರಬೇಕು, ಪ್ರತಿ ವರ್ಷ ಅದರ ರಸೀದಿ ತೋರಿಸಬೇಕು.

ಹಂತ 5: ಫ್ಯಾಫ್ಸಾ ಯಾರು ತುಂಬಬೇಕು

ಫ್ಯಾಫ್ಸಾ ಅಂದರೆ ಫೆಡರಲ್ ನೆರವಿಗೆ ಹಾಕುವ ಅರ್ಜಿ. ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಹಳೇ ನಿಯಮದಲ್ಲಿ ಮಗು ಯಾರ ಮನೆಯಲ್ಲಿ ಜಾಸ್ತಿ ದಿನ ಇತ್ತೋ ಅವರು ತುಂಬುತ್ತಿದ್ದರು. 2024-25ನೇ ಸಾಲಿನಿಂದ ಅದು ಬದಲಾಗಿದೆ. ಅರ್ಜಿ ಹಾಕುವ ಹಿಂದಿನ ಹನ್ನೆರಡು ತಿಂಗಳಲ್ಲಿ ಮಗುವಿಗೆ ಯಾರು ಹೆಚ್ಚು ಹಣದ ಬೆಂಬಲ ಕೊಟ್ಟರೋ ಅವರ ಮಾಹಿತಿ ಹಾಕಬೇಕು. ಸಮ ಸಮ ಇದ್ದರೆ ಆದಾಯ ಮತ್ತು ಆಸ್ತಿ ಹೆಚ್ಚಿರುವವರದ್ದು. ಅವರು ಮರುಮದುವೆ ಆಗಿದ್ದರೆ ಹೊಸ ಸಂಗಾತಿಯ ಆದಾಯವೂ ಲೆಕ್ಕಕ್ಕೆ ಬರುತ್ತದೆ. ವಿಚ್ಛೇದನ ಆಗಿಯೂ ಒಂದೇ ಸೂರಿನಡಿ ಇದ್ದರೆ ಇಬ್ಬರ ಮಾಹಿತಿಯೂ ಬೇಕು.

ಸ್ನೇಹಿತರೊಬ್ಬರ ಅಡುಗೆಮನೆಯಲ್ಲಿ ಕೂತು ಅವರ ಮಗನ ಫಾರ್ಮ್ ತುಂಬಿದ್ದು ನೆನಪಿದೆ. ಹುಡುಗ ತಾಯಿಯ ಮನೆಯಲ್ಲೇ ಇದ್ದ, ಆದ್ದರಿಂದ ತಾಯಿಯ ಆದಾಯ ಹಾಕಿ ಮುಗಿಸುವವರಿದ್ದೆವು. ಆಮೇಲೆ ಸುಮ್ಮನೆ ಒಂದು ಹಾಳೆಯಲ್ಲಿ ಬರೆದೆವು: ತಂದೆ ಕೊಟ್ಟ ಜೀವನಾಂಶ, ಆರೋಗ್ಯ ವಿಮೆ, ಕಾರಿನ ವಿಮೆ, ಫೋನು. ಕೂಡಿದರೆ ತಾಯಿಯ ಖರ್ಚಿಗಿಂತ ಜಾಸ್ತಿ. ಫಾರ್ಮನ್ನು ಮೊದಲಿಂದ ತುಂಬಬೇಕಾಯಿತು. ಆ ಹಾಳೆಯನ್ನು ನೀವೂ ಮಾಡಿ, ಫೈಲಿನಲ್ಲಿ ಇಟ್ಟುಕೊಳ್ಳಿ.

ಫಾರ್ಮ್ ಸಾಮಾನ್ಯವಾಗಿ ಅಕ್ಟೋಬರ್ 1ಕ್ಕೆ ತೆರೆಯುತ್ತದೆ. ಆದಾಯ ನೋಡುವುದು ಎರಡು ವರ್ಷ ಹಿಂದಿನದು. 2027ರ ಫಾಲ್‌ಗೆ ಸೇರುವ ಮಗುವಿಗೆ 2025ರ ರಿಟರ್ನ್. ಆ ವರ್ಷ ಇಬ್ಬರೂ ಜಂಟಿಯಾಗಿ ಸಲ್ಲಿಸಿದ್ದರೆ ಡಬ್ಲ್ಯು-2 ಇಟ್ಟುಕೊಂಡು ನಿಮ್ಮ ಪಾಲಿನ ಆದಾಯವನ್ನು ಬೇರ್ಪಡಿಸಬೇಕು. ಜಂಟಿ ಮೊತ್ತವನ್ನೇ ಬಿಟ್ಟರೆ ನೆರವು ಸುಮ್ನೆ ಕೈತಪ್ಪುತ್ತದೆ. ಪೋಷಕರು ತಮ್ಮದೇ ಲಾಗಿನ್ ಮಾಡಿಕೊಂಡು, ತೆರಿಗೆ ಮಾಹಿತಿ ತೆಗೆದುಕೊಳ್ಳಲು ಒಪ್ಪಿಗೆ ಕೊಡಬೇಕು. ಒಪ್ಪಿಗೆ ಇಲ್ಲದಿದ್ದರೆ ಮಗುವಿಗೆ ಫೆಡರಲ್ ನೆರವೇ ಇಲ್ಲ. ಈ ಸಹಕಾರವನ್ನೂ ಹಂತ 4ರ ಪುಟದಲ್ಲಿ ಬರೆಸಿ.

ವಿಚ್ಛೇದನದಿಂದ ಈಗಿನ ಆದಾಯ ಬಹಳ ಇಳಿದಿದ್ದರೆ ಫಾರ್ಮ್ ಕಳಿಸಿದ ಮೇಲೆ ಕಾಲೇಜಿನ ನೆರವು ಕಚೇರಿಗೆ ಪತ್ರ ಬರೆಯಿರಿ. ದಾಖಲೆ ನೋಡಿ ಲೆಕ್ಕ ಸರಿಪಡಿಸುವ ಅಧಿಕಾರ ಅವರಿಗಿದೆ. ಡಿಕ್ರಿ, ಇತ್ತೀಚಿನ ಪೇ ಸ್ಲಿಪ್, ಹೊಸ ಬಾಡಿಗೆ ಕರಾರು ಜೊತೆಗಿಡಿ.

ಹಂತ 6: ಖಾಸಗಿ ಕಾಲೇಜಾದರೆ ಸಿಎಸ್‌ಎಸ್ ಪ್ರೊಫೈಲ್

ಬಹಳಷ್ಟು ಖಾಸಗಿ ಕಾಲೇಜುಗಳು ತಮ್ಮ ಸ್ವಂತ ನೆರವಿಗೆ ಈ ಎರಡನೇ ಅರ್ಜಿ ಕೇಳುತ್ತವೆ. ಇಲ್ಲಿ ಮಗು ಯಾರ ಜೊತೆ ಇಲ್ಲವೋ ಅವರಿಂದಲೂ ಮಾಹಿತಿ ಕೇಳುವ ಕಾಲೇಜುಗಳೇ ಹೆಚ್ಚು. ಅವರು ಬೇರೆ ಖಾತೆಯಿಂದ ತುಂಬುತ್ತಾರೆ, ಒಬ್ಬರದು ಇನ್ನೊಬ್ಬರಿಗೆ ಕಾಣುವುದಿಲ್ಲ. ಇದನ್ನು ಮೊದಲೇ ಹೇಳಿದರೆ ಅರ್ಧ ಜಗಳ ಅಲ್ಲೇ ತಣ್ಣಗಾಗುತ್ತದೆ. ಸಂಪರ್ಕವೇ ಇಲ್ಲದಿದ್ದರೆ ಅಥವಾ ಹಿಂಸೆಯ ಹಿನ್ನೆಲೆ ಇದ್ದರೆ ವಿನಾಯಿತಿ ಕೇಳಬಹುದು. ‘ಕೊಡಲು ಮನಸ್ಸಿಲ್ಲ’ ಅನ್ನೋದು ಸಾಮಾನ್ಯವಾಗಿ ಕಾರಣ ಆಗುವುದಿಲ್ಲ.

ಹಂತ 7: ಸಾಲಕ್ಕೆ ಸಹಿ ಹಾಕುವವರು ಯಾರು

ಮಗುವಿನ ಹೆಸರಿನ ಫೆಡರಲ್ ಸಾಲ ಮೊದಲ ವರ್ಷ 5,500 ಡಾಲರ್, ಎರಡನೇ ವರ್ಷ 6,500, ಆಮೇಲೆ ವರ್ಷಕ್ಕೆ 7,500, ಒಟ್ಟು 31,000. ಅದಕ್ಕಿಂತ ಹೆಚ್ಚು ಬೇಕಾದರೆ ಪೇರೆಂಟ್ ಪ್ಲಸ್ ಸಾಲ, ಅಂದರೆ ತಂದೆ ಅಥವಾ ತಾಯಿ ತಮ್ಮ ಹೆಸರಿನಲ್ಲಿ ತೆಗೆಯುವ ಫೆಡರಲ್ ಸಾಲ. ಇದಕ್ಕೆ 2026ರ ಜುಲೈ 1ರಿಂದ ಹೊಸ ಮಿತಿ ಇದೆ: ಒಂದು ಮಗುವಿಗೆ ವರ್ಷಕ್ಕೆ 20,000, ಒಟ್ಟು 65,000 ಡಾಲರ್. ಇದು ತಂದೆ ತಾಯಿ ಇಬ್ಬರಿಗೂ ಸೇರಿಸಿ. ಒಬ್ಬರು ಹೇಳದೆ ಕೇಳದೆ ಪೂರ್ತಿ ಬಳಸಿಕೊಂಡರೆ ಇನ್ನೊಬ್ಬರಿಗೆ ಜಾಗ ಇರುವುದಿಲ್ಲ. ಆ ತಾರೀಖಿಗೆ ಮೊದಲೇ ಸಾಲ ತೆಗೆದಿದ್ದ ಕುಟುಂಬಗಳಿಗೆ ಸ್ವಲ್ಪ ಕಾಲ ಹಳೇ ನಿಯಮ ಉಂಟು.

ಪ್ಲಸ್ ಸಾಲ ಸಹಿ ಹಾಕಿದವರ ತಲೆಗೇ. ‘ಅರ್ಧ ನಾನು ಕೊಡ್ತೀನಿ’ ಅಂತ ಒಪ್ಪಂದದಲ್ಲಿದ್ದರೂ ಸಾಲ ಕೊಟ್ಟವರಿಗೆ ಅದು ಸಂಬಂಧವಿಲ್ಲ. ಕಂತು ತಪ್ಪಿದರೆ ಹಾಳಾಗುವುದು ನಿಮ್ಮ ಕ್ರೆಡಿಟ್. ಹಾಗಾಗಿ ಒಬ್ಬರು ಸಾಲ ತೆಗೆದು ಇನ್ನೊಬ್ಬರು ತೀರಿಸುವ ಏರ್ಪಾಡು ಬೇಡ. ಇಬ್ಬರೂ ಬೇರೆ ಬೇರೆಯಾಗಿ ತಮ್ಮ ಪಾಲಿನಷ್ಟು ತೆಗೆಯಲಿ, ಅದಕ್ಕೆ ಅವಕಾಶ ಇದೆ.

ಹಂತ 8: ತೆರಿಗೆ ರಿಯಾಯಿತಿ ಹಂಚಿಕೊಳ್ಳಿ

ಅಮೆರಿಕನ್ ಆಪರ್ಚುನಿಟಿ ಕ್ರೆಡಿಟ್ ಮಗುವಿಗೆ ವರ್ಷಕ್ಕೆ 2,500 ಡಾಲರ್‌ವರೆಗೆ, ನಾಲ್ಕು ವರ್ಷ ಸಿಗುತ್ತದೆ. ಮಗುವನ್ನು ಅವಲಂಬಿತರೆಂದು ತೋರಿಸುವವರಿಗೆ ಮಾತ್ರ, ಫೀಸು ಯಾರೇ ಕಟ್ಟಿರಲಿ. ಒಬ್ಬರೇ ಸಲ್ಲಿಸುವವರಿಗೆ ಆದಾಯ 80,000 ದಾಟಿದಂತೆ ಇದು ಕರಗುತ್ತಾ, 90,000ಕ್ಕೆ ಪೂರ್ತಿ ಇಲ್ಲವಾಗುತ್ತದೆ. ಹೆಚ್ಚು ಆದಾಯದವರು ಹಠಕ್ಕೆ ಮಗುವನ್ನು ತಮ್ಮ ರಿಟರ್ನ್‌ನಲ್ಲಿ ಇಟ್ಟುಕೊಂಡರೆ ಇಬ್ಬರಿಗೂ ದಕ್ಕುವುದಿಲ್ಲ.

ಒಂದೇ ಬಿಲ್ಲನ್ನು 529ಕ್ಕೂ ಈ ಕ್ರೆಡಿಟ್‌ಗೂ ತೋರಿಸುವಂತಿಲ್ಲ. ಪೂರ್ತಿ ಕ್ರೆಡಿಟ್ ಬೇಕಾದರೆ 4,000 ಡಾಲರ್ ಟ್ಯೂಷನ್ 529 ಬಿಟ್ಟು ಬೇರೆ ದುಡ್ಡಿನಿಂದ ಕಟ್ಟಿ.

ಹಂತ 9: ಪ್ರತಿ ಸೆಮಿಸ್ಟರ್ ಬಿಲ್ಲು ಬಂದಾಗ

ಬಿಲ್ಲು ಬಂದ ದಿನವೇ ಇನ್ನೊಬ್ಬರಿಗೆ ಇಮೇಲ್ ಮಾಡಿ. ಬಿಲ್ಲಿನ ಪ್ರತಿ, ನೆರವು ಕಳೆದ ಮೇಲೆ ಉಳಿದ ಮೊತ್ತ, ಅವರ ಪಾಲು, ಕೊನೇ ತಾರೀಖು. ಮಾತು ಇಷ್ಟೇ ಇರಲಿ, ಹಳೇ ಲೆಕ್ಕ ಕೆದಕಬೇಡಿ. ಸಾಧ್ಯವಾದರೆ ಇಬ್ಬರೂ ತಮ್ಮ ಪಾಲನ್ನು ನೇರವಾಗಿ ಕಾಲೇಜಿಗೇ ಕಟ್ಟಲಿ. ಒಬ್ಬರು ಪೂರ್ತಿ ಕಟ್ಟಿ ಇನ್ನೊಬ್ಬರಿಂದ ವಾಪಸ್ ಪಡೆಯುವ ಏರ್ಪಾಡಿನಲ್ಲಿ ತಡವಾಗುವುದೇ ಹೆಚ್ಚು.

ಕಾಲೇಜು ಆರಿಸುವ ಹೊತ್ತಿನಲ್ಲೂ ಇದೇ ಎಚ್ಚರ ಬೇಕು. ನ್ಯೂಜೆರ್ಸಿಯಲ್ಲಿ ಕೋರ್ಟುಗಳು ಪೋಷಕರಿಂದ ಕಾಲೇಜು ಖರ್ಚು ಕೊಡಿಸುವುದು 1982ರ ತೀರ್ಪಿನಿಂದಲೂ ಇದೆ. ಆದರೂ ಓದು ಮುಗಿದ ಮೇಲೆ ತಂದೆಯನ್ನು ಕೇಳಿದ ಒಂದು ಪ್ರಕರಣದಲ್ಲಿ, 2006ರಲ್ಲಿ, ಅಲ್ಲಿನ ಸುಪ್ರೀಂ ಕೋರ್ಟು ಹಣ ಕೊಡಿಸಲಿಲ್ಲ. ಖರ್ಚಿಗೆ ಮೊದಲು ಕೇಳಿರಲಿಲ್ಲ ಅನ್ನೋದು ತೀರ್ಪಿನಲ್ಲಿ ತುಂಬಾ ತೂಕ ಪಡೆಯಿತು. ಹಾಗಾಗಿ ಅರ್ಜಿ ಹಾಕುವ ಕಾಲೇಜುಗಳ ಪಟ್ಟಿ, ಬಂದ ನೆರವಿನ ಪತ್ರ ಎಲ್ಲವನ್ನೂ ಸೀಟಿಗೆ ಹಣ ಕಟ್ಟುವ ಮೊದಲೇ ಇನ್ನೊಬ್ಬರಿಗೆ ಕಳಿಸಿ. ಉತ್ತರ ಬರದಿದ್ದರೂ ಕಳಿಸಿ.

ಪಾಲು ಬರದಿದ್ದರೆ ಮೊದಲು ಕಾಲೇಜಿನ ಬರ್ಸರ್ (ಫೀಸು ಕಟ್ಟಿಸಿಕೊಳ್ಳುವ) ಕಚೇರಿಯಲ್ಲಿ ಕಂತಿನ ಯೋಜನೆ ಕೇಳಿ, ಮಗುವಿನ ನೋಂದಣಿ ತಪ್ಪದಂತೆ ನೋಡಿಕೊಳ್ಳಿ. ಅದೇ ವಾರ ವಕೀಲರಿಗೆ ಕಾಗದಗಳನ್ನು ಕಳಿಸಿ. ಇನ್ನೊಂದು ಸೆಮಿಸ್ಟರ್ ನೋಡೋಣ ಅಂತ ಕಾಯಬೇಡಿ. ‘ನಿನ್ನ ಅಪ್ಪನಿಗೆ ಹೇಳು’, ‘ನಿನ್ನ ಅಮ್ಮನ್ನ ಕೇಳು’ ಅಂತ ಮಗುವಿನ ಕೈಯಲ್ಲಿ ಹೇಳಿಸಬೇಡಿ. ನನ್ನ ಮಗಳು ಎರಡನೇ ವರ್ಷದಲ್ಲಿ ಒಂದು ಕೋರ್ಸ್ ಕೈಬಿಟ್ಟಳು. ಲ್ಯಾಬ್ ಫೀಸು ಯಾರನ್ನು ಕೇಳಬೇಕು ಅಂತ ಅವಳಿಗೆ ಗೊತ್ತಾಗಿರಲಿಲ್ಲ. ಈಗ ಬಿಲ್ಲು ಬಂದರೆ ಅವಳು ಪೋರ್ಟಲ್‌ನಲ್ಲಿ ಇಬ್ಬರ ಇಮೇಲ್‌ಗೂ ಒಂದೇ ಸಲ ಕಳಿಸುತ್ತಾಳೆ. ನಾವಿಬ್ಬರೂ ಅದಕ್ಕೆ ಒಂದೇ ಸಾಲಿನ ಉತ್ತರ ಬರೆಯುತ್ತೇವೆ: ನನ್ನ ಪಾಲು ಕಟ್ಟಿದೆ.